ಮುಂದಿನ ಆವೃತ್ತಿಯಲ್ಲಾದರೂ ತೋಡಿ ಗಾಂಧಾರ ಬರುತ್ತಾ?

ಮೊನ್ನೆ ರಾತ್ರಿ ಊಟ ಮುಗಿಸಿ ಈಮೇಲ್ ತೆಗೆದರೆ ಮೊದಲಿಗೇ ಒಂದು ಕೂತಿತ್ತು. "ಹೊಸ ಆವೃತ್ತಿ ಬರುತ್ತಿದೆ! ಏನೇನಿದೆ ನೋಡಿ!" ಅಂತ. ನಾನು ಬಳಸುವ ಮ್ಯೂಸಿಕ್ ಸೀಕ್ವೆನ್ಸರ್ ಮಾಡುವವರು ಕಳಿಸಿದ್ದು. ಯಾವ ಕಂಪನಿ ಅನ್ನೋದು ಮುಖ್ಯ ಅಲ್ಲ ಬಿಡಿ, ಎಲ್ಲರ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಆಫೀಸಿನಲ್ಲಿ ಹೊಸ ರಿಲೀಸ್ ಅಂದರೆ ಸಿಕ್ ಲೀವ್ ಹಾಕೋಣ ಅನ್ನಿಸುವ ನನಗೆ, ಈ ರಿಲೀಸ್ ಅಂದರೆ ಮಾತ್ರ ಜಾತ್ರೆಗೆ ಹೊರಟ ಹುಡುಗನ ಸಂಭ್ರಮ :-)

ಆದರೆ ಈ ಸಲ ಪಟ್ಟಿ ಓದುವಾಗ ಸಂಭ್ರಮ ಆಗಲಿಲ್ಲ. ಪೂರ್ತಿ ಓದಿ, "ಮುಖ್ಯವಾದದ್ದೇ ಇಲ್ವಲ್ಲ" ಅಂದುಕೊಂಡು ಮುಚ್ಚಿಟ್ಟೆ. ಕಾರಣ ಏನಪ್ಪಾ ಅಂದರೆ, ಅದರ ಹಿಂದಿನ ಭಾನುವಾರ ನಮ್ಮತ್ತೆ ಹತ್ತಿರ ಬೈಸಿಕೊಂಡಿದ್ದೆ. ಅದನ್ನೇ ಮೊದಲು ಹೇಳಿಬಿಡ್ತೀನಿ.

ಅದಕ್ಕೂ ಮುಂಚೆ, ಗೊತ್ತಿಲ್ಲದವರಿಗೆ ಎರಡು ಮಾತು. ಸೀಕ್ವೆನ್ಸರ್ ಅಂದರೆ ಸ್ವರಗಳನ್ನು ಒಂದರ ಹಿಂದೊಂದು ಜೋಡಿಸಿ, ಬೇಕಾದ ವಾದ್ಯದ ದನಿಯಲ್ಲಿ ಕಂಪ್ಯೂಟರಿನಿಂದ ನುಡಿಸುವ ತಂತ್ರಾಂಶ. ಪರದೆ ಮೇಲೆ ಗ್ರಾಫ್ ಹಾಳೆಯಂಥ ಚೌಕಳಿ ಇರುತ್ತೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರ. ಒಂದೊಂದು ಸ್ವರಕ್ಕೂ ಒಂದೊಂದು ಇಟ್ಟಿಗೆ. ಇಟ್ಟಿಗೆ ಎಷ್ಟು ಉದ್ದವೋ ಸ್ವರ ಅಷ್ಟು ಹೊತ್ತು. ಇವತ್ತು ನಾವು ಕೇಳುವ ಸಿನಿಮಾ ಹಾಡು, ಜಾಹೀರಾತು, ಸೀರಿಯಲ್ ಟೈಟಲ್ ಸಾಂಗ್, ಇವುಗಳಲ್ಲಿ ಬಹಳಷ್ಟು ಇಂಥ ಚೌಕಳಿ ಮೇಲೇ ಹುಟ್ಟೋದು.

ನನ್ನ ಸಂಗೀತದ ಅರ್ಹತೆ ಏನಂತ ಕೇಳಬೇಡಿ. ಮೈಸೂರಿನಲ್ಲಿ ಸೋದರತ್ತೆ ಹತ್ತಿರ ವೀಣೆ ಕಲಿತು ಜೂನಿಯರ್ ಪರೀಕ್ಷೆ ಪಾಸ್ ಮಾಡಿದೆ. ಆಮೇಲೆ ಪಿಯುಸಿ, ಸಿಇಟಿ, ಬಿಇ ಅಂತ ಎಲ್ಲರ ಹಾಗೆ ವೀಣೆಗೆ ಬಟ್ಟೆ ಮುಚ್ಚಿದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ ಒಂದು ಪುಟ್ಟ ಮಿಡಿ ಕೀಬೋರ್ಡ್ ಕೊಂಡೆ. (ಉಪ್ಪಿನಕಾಯಿ ಹಾಕುವ ಮಾವಿನ ಮಿಡಿ ಅಲ್ಲ, ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆಯ ಹೆಸರು ಅದು.) ಅಲ್ಲಿಂದ ಶುರುವಾಯ್ತು ಈ ಹುಚ್ಚು.

ಅಕ್ಕನ ಮಗಳಿಗೆ ಹನ್ನೆರಡು ವರ್ಷ. ಅತ್ತೆ ಅವಳಿಗೆ ಪ್ರತಿ ಭಾನುವಾರ ವೀಡಿಯೋ ಕಾಲ್‌ನಲ್ಲಿ ಹಾಡುಗಾರಿಕೆ ಹೇಳಿಕೊಡ್ತಾರೆ. ತೋಡಿ ವರ್ಣ ಶುರುವಾಗಿತ್ತು. "ಮಾಮ, ವಾರದ ಮಧ್ಯ ಪ್ರಾಕ್ಟೀಸ್ ಮಾಡೋಕೆ ಏನಾದ್ರೂ ಹಾಕ್ಕೊಡು" ಅಂದಳು. ಮಾಮನಿಗೆ ಉಬ್ಬು ತಡೆಯಲಿಲ್ಲ. ಒಂದು ಶನಿವಾರ ಪೂರ್ತಿ ಕೂತು, ಪುಸ್ತಕದಲ್ಲಿದ್ದ ಸ್ವರ ನೋಡಿಕೊಂಡು ವರ್ಣ ಪೂರ್ತಿ ಜೋಡಿಸಿ, ತಂಬೂರಿ ಸೇರಿಸಿ, ತಾಳಕ್ಕೆ ಟಿಕ್ ಟಿಕ್ ಹಾಕಿ ಕಳಿಸಿಕೊಟ್ಟೆ. ಮೂರು ವಾರ ಅವಳು ಅದನ್ನೇ ಕೇಳಿ ಕೇಳಿ ಹಾಡಿದಳು.

ಆ ಭಾನುವಾರ ನಾನೂ ಅಕ್ಕನ ಮನೆಯಲ್ಲಿದ್ದೆ. ಹುಡುಗಿ ಪಲ್ಲವಿ ಹಾಡಿದಳು. ತಾಳ ತಪ್ಪಲಿಲ್ಲ, ಶ್ರುತಿ ತಪ್ಪಲಿಲ್ಲ. ಅತ್ತೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಈ ಗಾಂಧಾರ ಯಾರು ಹೇಳಿಕೊಟ್ಟಿದ್ದು?"

"ಮಾಮ ಕಂಪ್ಯೂಟರಲ್ಲಿ ಹಾಕ್ಕೊಟ್ಟಿದ್ದು ಅತ್ತಜ್ಜಿ."

"ಮಾಮನ್ನ ಕರಿ ಇಲ್ಲಿ."

ಹೋದೆ. ಅತ್ತೆ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. "ನೋಡೋ, ಮಗು ಕಿವಿ ಹಸಿ ಸಿಮೆಂಟ್ ಇದ್ದ ಹಾಗೆ. ನೀನು ಅದರ ಮೇಲೆ ಕಾಲಿಟ್ಟಿದೀಯ. ಇನ್ನು ಈ ಗಾಂಧಾರ ತೆಗೆಯೋಕೆ ನನಗೆ ಆರು ತಿಂಗಳು ಬೇಕು" ಅಂದರು. ಅಷ್ಟೇ.

ಈಗ ತಾಂತ್ರಿಕವಾಗಿ ಏನಾಯ್ತು ಅಂತ ನೋಡೋಣ. ಮಿಡಿ ಭಾಷೆ ಬಂದದ್ದು 1983ರಲ್ಲಿ. ಆ ವರ್ಷ ಜನವರಿಯಲ್ಲಿ ಅಮೆರಿಕದ ನ್ಯಾಮ್ ಪ್ರದರ್ಶನದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಒಂದು ವೈರಿನಿಂದ ಜೋಡಿಸಿ ಒಂದನ್ನೊಂದು ನುಡಿಸುವಂತೆ ಮಾಡಿ ತೋರಿಸಿದರು. ಅದ್ಭುತ ಕೆಲಸ, ಅನುಮಾನವೇ ಇಲ್ಲ. ಆದರೆ ಅದರ ಮನಸ್ಸಿನಲ್ಲಿ ಇದ್ದದ್ದು ಪಿಯಾನೋ ಮಣೆ. ಯಾವ ಮಣೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ, ಇಷ್ಟೇ ಅದರ ಮೂಲ ಮಾತು. ಮಣೆಗಳಿಗೆ 0ಯಿಂದ 127ರವರೆಗೆ ನಂಬರು. ನಾನು 60ನ್ನು ಷಡ್ಜ ಅಂತ ಇಟ್ಟುಕೊಂಡಿದ್ದೆ. ಹಾಗಾಗಿ ತೋಡಿಯ ಸಾಧಾರಣ ಗಾಂಧಾರ ಅಂದರೆ 63. ಪುಸ್ತಕದಲ್ಲಿ "ಗ" ಅಂತ ಕಂಡಲ್ಲೆಲ್ಲ 63ರ ಮೇಲೆ ಒಂದು ಇಟ್ಟಿಗೆ ಇಟ್ಟೆ.

ಆದರೆ ತೋಡಿ ಹಾಡುವವರು 63ರಲ್ಲಿ ನಿಲ್ಲುವುದೇ ಇಲ್ಲ! ಆ ಗಾಂಧಾರ ರಿಷಭದ ಕಡೆಯಿಂದ ಹೊರಟು ಮಧ್ಯಮದ ಕಡೆಗೆ ತೂಗಿ, ಮತ್ತೆ ಇಳಿದು, ಮತ್ತೆ ಏರುತ್ತೆ. ಅಂದರೆ 61ರ ಸುತ್ತಮುತ್ತಲಿಂದ 65ರ ಸುತ್ತಮುತ್ತಲಿಗೆ. 63 ದಾರಿಯಲ್ಲಿ ಸಿಗುವ ಊರು, ಬಸ್ಸು ಅಲ್ಲಿ ನಿಲ್ಲಲ್ಲ. ಅದೇ ಗಾಂಧಾರ ಖರಹರಪ್ರಿಯದಲ್ಲಿ ಬೇರೆ ಥರ ತೂಗುತ್ತೆ, ಭೈರವಿಯಲ್ಲಿ ಇನ್ನೊಂದು ಥರ. ಮೂರಕ್ಕೂ ಸೀಕ್ವೆನ್ಸರ್‌ನಲ್ಲಿ ಒಂದೇ ಇಟ್ಟಿಗೆ. ನಾನು ಮಗುವಿಗೆ ರಾಗ ಕೊಡಲಿಲ್ಲ, ರಾಗದ ಎಲುಬು ಕೊಟ್ಟೆ. ಅವಳು ಪಾಪ ಅದನ್ನೇ ಶ್ರದ್ಧೆಯಿಂದ ನುಂಗಿದಳು.

ಹಾಗಂತ ತಂತ್ರಾಂಶ ಮಾಡುವವರು ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತೆ. ಬರ್ಲಿನ್‌ನ ಏಬಲ್ಟನ್ ಕಂಪನಿಯ ಲೈವ್ ಅನ್ನೋ ತಂತ್ರಾಂಶವನ್ನೇ ತಗೊಳ್ಳಿ. 2024ರ ಮಾರ್ಚಿನಲ್ಲಿ ಬಂದ ಅದರ 12ನೇ ಆವೃತ್ತಿಯಲ್ಲಿ "ಟ್ಯೂನಿಂಗ್ ಸಿಸ್ಟಮ್ಸ್" ಅಂತ ಒಂದು ಸೌಕರ್ಯ ಕೊಟ್ಟರು. ಪಿಯಾನೋದ ಸಮಪಾಲಿನ ಹನ್ನೆರಡು ಸ್ವರಗಳನ್ನು ಬಿಟ್ಟು ನಮಗೆ ಬೇಕಾದ ಶ್ರುತಿ ವ್ಯವಸ್ಥೆಯನ್ನು ಒಂದು ಸಣ್ಣ ಫೈಲ್‌ನಲ್ಲಿ ಬರೆದು ಕೊಡಬಹುದು. ಇದರ ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ. ಪಿಯಾನೋದಲ್ಲಿ ಪಕ್ಕದ ಎರಡು ಮಣೆಗಳ ನಡುವಿನ ಅಂತರವನ್ನು 100 ಸೆಂಟ್ ಅಂತಾರೆ. ಷಡ್ಜದಿಂದ ಅಂತರ ಗಾಂಧಾರಕ್ಕೆ ಪಿಯಾನೋದಲ್ಲಿ 400 ಸೆಂಟ್. ಆದರೆ ಚೆನ್ನಾಗಿ ಶ್ರುತಿ ಸೇರಿಸಿದ ತಂಬೂರಿಯೊಳಗಿಂದ ತಾನಾಗಿ ಕೇಳಿಸುವ ಗಾಂಧಾರ ಸುಮಾರು 386 ಸೆಂಟ್. ಹದಿನಾಲ್ಕು ಸೆಂಟ್ ವ್ಯತ್ಯಾಸ. ತಂಬೂರಿ ಜತೆ ಕೀಬೋರ್ಡ್ ನುಡಿಸಿದಾಗ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಆಗೋದು ಇದಕ್ಕೇ. ಈಗ ಅದನ್ನು ಸರಿಮಾಡಬಹುದು.

ಬೈಸಿಕೊಂಡ ವಾರವೇ ನಾನು ಇಂಥ ಶ್ರುತಿ ಫೈಲ್ ಒಂದನ್ನು ಕೂತು ಬರೆದು, ವರ್ಣವನ್ನು ಮತ್ತೆ ನುಡಿಸಿ, ಅತ್ತೆಗೆ ಫೋನಿನಲ್ಲಿ ಕೇಳಿಸಿದೆ. ಕೇಳಿ ಅವರಂದಿದ್ದು: "ಮೊದಲು ಸುಳ್ಳು ಗಾಂಧಾರ ನಿಂತಿತ್ತು. ಈಗ ನಿಜವಾದ ಗಾಂಧಾರ ನಿಂತಿದೆ. ನಿಲ್ಲಿಸಬೇಡ ಅಂತ ಅಲ್ವೇನೋ ನಾನು ಹೇಳಿದ್ದು?"

ಇದಕ್ಕಿಂತ ಚೆನ್ನಾಗಿ ಸಮಸ್ಯೆಯನ್ನು ಯಾವ ಇಂಜಿನಿಯರೂ ಹೇಳಲಾರ. ಶ್ರುತಿ ಅನ್ನೋದು ಸ್ವರ ಎಲ್ಲಿದೆ ಅನ್ನುವ ಪ್ರಶ್ನೆ. ಗಮಕ ಅನ್ನೋದು ಸ್ವರ ಹೇಗೆ ಓಡಾಡುತ್ತೆ ಅನ್ನುವ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಬಂತು. ಎರಡನೆಯದಕ್ಕೆ ಅರ್ಧ ಉತ್ತರ ಬಂದಿದೆ.

ಆ ಅರ್ಧ ಉತ್ತರ ಏನಂದರೆ, ಮಿಡಿಯಲ್ಲಿ ಮೊದಲಿಂದಲೂ ಪಿಚ್ ಬೆಂಡ್ ಅಂತ ಒಂದಿದೆ. ಕೀಬೋರ್ಡಿನ ಎಡಗಡೆ ಇರುವ ಚಕ್ರ ತಿರುಗಿಸಿದರೆ ಸ್ವರ ಬಾಗುತ್ತೆ. ತೊಂದರೆ ಏನಂದರೆ ಆ ಚಾನೆಲ್‌ನಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. 2018ರಲ್ಲಿ ಎಂಪಿಇ ಅನ್ನುವ ಕ್ರಮವನ್ನು ಅಧಿಕೃತವಾಗಿ ಒಪ್ಪಿಕೊಂಡರು. ಅದರಲ್ಲಿ ಒಂದೊಂದು ಸ್ವರಕ್ಕೂ ಅದರದೇ ಬಾಗು. 2020ರ ಮಿಡಿ 2.0ದಲ್ಲಿ ಪ್ರತಿ ಸ್ವರದ ಬಾಗು ಭಾಷೆಯ ಒಳಗೇ ಬಂತು. ಲೈವ್ 2021ರ 11ನೇ ಆವೃತ್ತಿಯಲ್ಲೇ ಎಂಪಿಇ ತಂದು, ಪ್ರತಿ ಇಟ್ಟಿಗೆಯ ಮೇಲೂ ಬಾಗಿನ ಗೆರೆ ಎಳೆಯುವ ಸೌಕರ್ಯ ಕೊಟ್ಟಿತು. ಅಂದರೆ ಗಮಕದ ಗೆರೆ ಬರೆಯೋಕೆ ಸ್ಲೇಟು, ಬಳಪ ಎರಡೂ ಸಿಕ್ಕವು.

ಸರಿ, ನಾನೂ ಗೆರೆ ಎಳೆದೆ. ಪಲ್ಲವಿಯ ಒಂದು ಆವರ್ತಕ್ಕೆ ಮೂರು ರಾತ್ರಿ. ಕೊನೆಗೆ ತೋಡಿ ಅಂತ ಗುರುತು ಸಿಗುವ ಹಾಗಾಯ್ತು. ಖುಷಿಯಲ್ಲಿ ಎರಡನೇ ಕಾಲ ಹೇಗಿರುತ್ತೋ ನೋಡೋಣ ಅಂತ ವೇಗ ಎರಡರಷ್ಟು ಮಾಡಿದೆ. ಆಂಬುಲೆನ್ಸ್ ಸೈರನ್! ಪಕ್ಕದ ರೂಮಿನ ಗೆಳೆಯ ಏನಾಯ್ತೋ ಅಂತ ಬಾಗಿಲು ತಟ್ಟಿದ. ಯಾಕೆ ಅಂದರೆ, ತಂತ್ರಾಂಶ ಗೆರೆಯನ್ನು ಹಾಗೇ ಅರ್ಧಕ್ಕೆ ಹಿಂಡುತ್ತೆ. ಮನುಷ್ಯರು ಹಾಗೆ ಮಾಡಲ್ಲ. ವೇಗ ಹೆಚ್ಚಾದಾಗ ಹಾಡುವವರು ತೂಗುವುದನ್ನೇ ಕಡಿಮೆ ಮಾಡ್ತಾರೆ. ಮೊದಲ ಕಾಲದಲ್ಲಿ ಮೂರು ಸಲ ತೂಗಿದ ಗಾಂಧಾರ ಎರಡನೇ ಕಾಲದಲ್ಲಿ ಒಂದು ಸಲ ತೂಗಿದರೆ ಹೆಚ್ಚು. ಗೆರೆ ಬದಲಾಯ್ತು, ರಾಗ ಉಳೀತು. ಇದನ್ನು ತಿಳಿಯಬೇಕಾದರೆ ತಂತ್ರಾಂಶಕ್ಕೆ "ಇದು ಗೆರೆ" ಅಂತ ಗೊತ್ತಿದ್ದರೆ ಸಾಲದು, "ಇದು ಕಂಪಿತ" ಅಂತ ಗೊತ್ತಿರಬೇಕು.

ಇದೇ ಥರದ್ದು ಸ್ಕೇಲ್ ಅನ್ನುವ ಸೌಕರ್ಯ. ಈಗಿನ ತಂತ್ರಾಂಶಗಳಲ್ಲಿ ಒಂದು ಸ್ಕೇಲ್ ಆರಿಸಿಕೊಂಡರೆ ಅದರ ಸ್ವರಗಳಷ್ಟೇ ಕಾಣುವ ಹಾಗೆ, ತಪ್ಪಿ ಹೊರಗಿನ ಸ್ವರ ಬೀಳದ ಹಾಗೆ ಮಾಡಬಹುದು. ಮೇಳಕರ್ತ 72ಕ್ಕೂ ಇದು ಸರಿಹೋಗುತ್ತೆ. ಆದರೆ ಬಿಲಹರಿ? ಏರುವಾಗ ಸರಿಗಪದಸ, ಮಧ್ಯಮ ನಿಷಾದ ಇಲ್ಲ. ಇಳಿಯುವಾಗ ಸನಿದಪಮಗರಿಸ, ಏಳೂ ಇವೆ. ಸ್ಕೇಲ್‌ಗೆ ಗೊತ್ತಿರೋದು ಯಾವ್ಯಾವ ಸ್ವರ ಇವೆ ಅನ್ನೋದು ಮಾತ್ರ. ಯಾವುದರ ಹಿಂದೆ ಯಾವುದು ಬರಬೇಕು ಅನ್ನೋದು ಗೊತ್ತಿಲ್ಲ. ಏಳೂ ಸ್ವರ ಕೊಟ್ಟು ತಾನಾಗಿ ಟ್ಯೂನ್ ಹುಟ್ಟಿಸು ಅಂದರೆ, ಅದು ಖುಷಿಯಾಗಿ ಶಂಕರಾಭರಣದ ಸ್ವರಗಳನ್ನು ಉದುರಿಸಿ, ಇಗೋ ಬಿಲಹರಿ ಅಂತ ಕೊಡುತ್ತೆ. ಪ್ರೋಗ್ರಾಮರ್‌ಗಳ ಭಾಷೆಯಲ್ಲಿ ಹೇಳಬೇಕಂದರೆ ಸ್ಕೇಲ್ ಒಂದು ಸೆಟ್, ರಾಗ ಒಂದು ವ್ಯಾಕರಣ.

ತಾಳದ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ. ಎಫ್‌ಎಲ್ ಸ್ಟುಡಿಯೋಗೆ ಟೈಮ್ ಸಿಗ್ನೇಚರ್ ಸರಿಯಾಗಿ ಬಂದದ್ದೇ 2018ರ 20ನೇ ಆವೃತ್ತಿಯಲ್ಲಿ. ಬಂತಲ್ಲ, ಸಾಕು. ಆದಿತಾಳಕ್ಕೆ ಎಂಟು, ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು ಅಂತ ಕೊಟ್ಟರೆ ಕೆಲಸ ನಡೆಯುತ್ತೆ.

ಈಗೀಗ ಪಟ್ಟಿಯ ಮೇಲ್ಭಾಗ ಹಿಡಿದಿರೋದು ಎಐ. ಲಾಜಿಕ್ ಪ್ರೋದಲ್ಲಿ 2024ರಿಂದ ಬೇಸ್, ಕೀಬೋರ್ಡ್ ನುಡಿಸುವ "ಸೆಷನ್ ಪ್ಲೇಯರ್"ಗಳು ಬಂದರು. ಎಫ್‌ಎಲ್ ಸ್ಟುಡಿಯೋದ 2025ರ ಆವೃತ್ತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸುವ ಸಹಾಯಕ ಬಂದ. ಹಾಡಿನಿಂದ ದನಿಯನ್ನೂ ವಾದ್ಯಗಳನ್ನೂ ಬಿಡಿಸಿ ಕೊಡುವ ಸ್ಟೆಮ್ ಸಪರೇಷನ್ ಒಂದಾದ ಮೇಲೊಂದು ತಂತ್ರಾಂಶಕ್ಕೆ ಬಂತು. ಇದರಲ್ಲಿ ಕೊನೆಯದು ನಿಜಕ್ಕೂ ಉಪಕಾರ, ಹಳೆಯ ಧ್ವನಿಮುದ್ರಣದಿಂದ ಹಾಡುವವರ ದನಿ ಬಿಡಿಸಿ ಗಮಕ ಗಮನಿಸಬಹುದು. ಉಳಿದವು ನನ್ನ ಪರವಾಗಿ ಸಂಗೀತ ಮಾಡಿಕೊಡ್ತೀನಿ ಅನ್ನುತ್ತವೆ. ನಾನು ಕೇಳ್ತಿರೋದು ಅದಲ್ಲ. ನಾನೇ ಮಾಡ್ತೀನಿ, ನನಗೆ ಗೊತ್ತಿರೋದನ್ನ ಬರೆಯೋಕೆ ಅಕ್ಷರ ಕೊಡಿ ಅಂತ.

ಅಕ್ಷರದ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ಹದಿಮೂರನೇ ಶತಮಾನದ "ಸಂಗೀತ ರತ್ನಾಕರ"ದಲ್ಲಿ ಶಾರ್ಙ್ಗದೇವ 15 ಗಮಕಗಳನ್ನು ಹೆಸರಿಟ್ಟು ಹೇಳಿದ್ದಾನೆ. ಸುಬ್ಬರಾಮ ದೀಕ್ಷಿತರ "ಸಂಗೀತ ಸಂಪ್ರದಾಯ ಪ್ರದರ್ಶಿನಿ" ಅಚ್ಚಾದದ್ದು 1904ರಲ್ಲಿ. ಅದರಲ್ಲಿ ಕಂಪಿತಕ್ಕೆ ಒಂದು ಚಿಹ್ನೆ, ಸ್ಫುರಿತಕ್ಕೆ ಒಂದು, ಜಾರುವಿಗೆ ಒಂದು, ಹೀಗೆ ಸ್ವರದ ನೆತ್ತಿ ಮೇಲೆ ಗಮಕದ ಗುರುತು ಹಾಕಿದ್ದಾರೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸಾಧ್ಯವಾದದ್ದು ನಮ್ಮ ಹದಿನಾರು ಜಿಬಿ ರ‍್ಯಾಮ್‌ಗೆ ಭಾರವಾಗುತ್ತಾ?

"ಕೀಬೋರ್ಡ್ ನಮ್ಮ ಸಂಗೀತಕ್ಕೆ ಆಗಿಬರಲ್ಲ, ಬಿಟ್ಟುಬಿಡಬೇಕು" ಅನ್ನುವವರೂ ಇದ್ದಾರೆ. ನಾನು ಆ ಪಕ್ಷದವನಲ್ಲ. ಸ್ವರ ಬಾಗಲ್ಲ ಅನ್ನುವುದು ಮುಖ್ಯ ಕಾರಣಗಳಲ್ಲಿ ಒಂದಾಗಿ, 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ನಿಷೇಧಿಸಿದರು. ಸಡಿಲಿಸಿದ್ದು 1971ರಲ್ಲಿ. ಅಷ್ಟರಲ್ಲಿ ಹಾರ್ಮೋನಿಯಂ ಏನಾದರೂ ಸತ್ತಿತ್ತಾ? ನಾಟಕ ಕಂಪನಿಯಿಂದ ಹಿಡಿದು ಧಾರವಾಡದ ಬೈಠಕ್‌ವರೆಗೆ ಎಲ್ಲ ಕಡೆ ಬದುಕಿತ್ತು. ನಿಷೇಧದಿಂದ ವಾದ್ಯ ಹೋಗಲ್ಲ. ಇನ್ನು ಕದ್ರಿ ಗೋಪಾಲನಾಥರನ್ನು ನೆನೆಸಿಕೊಳ್ಳಿ. ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಆ ವಾದ್ಯದಲ್ಲಿ ಗಮಕ ನುಡಿಸಿದರು. ಕೀಬೋರ್ಡಿನಲ್ಲೇ ಸತ್ಯನಾರಾಯಣನ್ ಅವರು ಎಡಗೈಯಿಂದ ಆ ಬೆಂಡ್ ಚಕ್ರ ಆಡಿಸುತ್ತಾ ಕಛೇರಿ ಮಾಡಿ ತೋರಿಸಿದ್ದಾರೆ. ವಾದ್ಯ ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ, ಅದನ್ನು ಯಾರು ಬಾಗಿಸಿದರು ಅನ್ನೋದು ಮುಖ್ಯ.

ಮತ್ತೆ ಇದು ಆಗದ ಕೆಲಸವೂ ಅಲ್ಲ. ಎಂ. ಸುಬ್ರಮಣಿಯನ್ ಅವರು "ಗಾಯಕ" ಅನ್ನುವ ತಂತ್ರಾಂಶ ಮಾಡಿದ್ದಾರೆ. ಸ್ವರಲಿಪಿ ಕುಟ್ಟಿದರೆ ಗಮಕ ಸಮೇತ ನುಡಿಯುತ್ತೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರ್ರಾ ಅವರ ಮುಂದಾಳತ್ವದ ಕಾಂಪ್‌ಮ್ಯೂಸಿಕ್ ಯೋಜನೆ 2011ರಿಂದ ಹಲವು ವರ್ಷ ಕರ್ನಾಟಕ ಸಂಗೀತದ ಧ್ವನಿಮುದ್ರಣಗಳಿಂದ ಸ್ವರದ ಓಡಾಟದ ಗೆರೆಗಳನ್ನೇ ಬಿಡಿಸಿ ಅಧ್ಯಯನ ಮಾಡಿತು. ದತ್ತಾಂಶ ಇದೆ, ಭಾಷೆ ಇದೆ. ಎಲ್ಲರೂ ಬಳಸುವ ತಂತ್ರಾಂಶದೊಳಗೆ ಮಾತ್ರ ಅದು ಬಂದು ಕೂತಿಲ್ಲ.

ಬರ್ಲಿನ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತವರಿಗೆ ತೋಡಿ ಗಾಂಧಾರದ ಸಂಕಟ ಗೊತ್ತಾಗಬೇಕು ಅಂತ ನಿರೀಕ್ಷಿಸೋದೂ ಅಷ್ಟು ಸರಿಯಲ್ಲ. ನಮ್ಮ ಮನೆಮನೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ಎಲ್ಲಿಂದ ಬಂತು? ಬೆಂಗಳೂರಿನ ರೇಡೆಲ್‌ನಿಂದ. ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಇಂಜಿನಿಯರ್, ಕೊಳಲು ನುಡಿಸುವವರು. ತಮಗೆ ಬೇಕಾದದ್ದನ್ನು ತಾವೇ ಮಾಡಿಕೊಂಡರು. ಅದೂ 1970ರ ದಶಕದ ಕೊನೆಯಲ್ಲಿ, ಮಿಡಿ ಹುಟ್ಟುವ ಮೊದಲು! ಇವತ್ತು ಅದೇ ಬೆಂಗಳೂರಿನಲ್ಲಿ ಕೋಡ್ ಬರೆಯುವ ಲಕ್ಷಗಟ್ಟಲೆ ಜನ ಇದ್ದೀವಿ. ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದವರೂ ನಮ್ಮೊಳಗೆ ಬೇಕಾದಷ್ಟು ಇದ್ದಾರೆ. ನಾವೇನು ಮಾಡ್ತಿದ್ದೀವಿ? ಹೊಸ ಆವೃತ್ತಿಯ ಈಮೇಲ್‌ಗೆ ಕಾಯ್ತಿದ್ದೀವಿ. (ನನ್ನನ್ನೇ ಬೈದುಕೊಂಡಿದ್ದು, ಬೇಜಾರು ಮಾಡ್ಕೋಬೇಡಿ.)

ದಾರಿಯೂ ತೆರೆದೇ ಇದೆ. ಲೈವ್ 12ರಲ್ಲಿ ಸ್ವರಗಳನ್ನು ತಿದ್ದುವ ಸಲಕರಣೆಗಳನ್ನು ನಾವೇ ಮ್ಯಾಕ್ಸ್ ಬಳಸಿ ಮಾಡಿ ಸೇರಿಸಬಹುದು. ರೀಪರ್‌ನಲ್ಲಿ ಲುವಾ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯಬಹುದು. ನಾನು ರೀಪರ್‌ನಲ್ಲಿ ಒಂದು ಶುರು ಮಾಡಿದ್ದೀನಿ. ಸದ್ಯಕ್ಕೆ ತೋಡಿ ಗಾಂಧಾರ ಒಂದೇ. ಹಿಂದಿನ ಸ್ವರ ಯಾವುದು, ಮುಂದಿನದು ಯಾವುದು, ಎಷ್ಟು ಹೊತ್ತು ನಿಲ್ಲಬೇಕು, ಈ ಮೂರನ್ನು ನೋಡಿ ಎಷ್ಟು ಸಲ ತೂಗಬೇಕು ಅಂತ ತೀರ್ಮಾನಿಸಿ ಬಾಗಿನ ಗೆರೆ ತಾನೇ ಬರೆಯುತ್ತೆ. ವೇಗ ಹೆಚ್ಚಿಸಿದರೆ ತೂಗುವುದು ಕಮ್ಮಿಯಾಗುತ್ತೆ. ಇನ್ನೂರು ಸಾಲು ಕೋಡ್. ಅತ್ತೆಗೆ ಕೇಳಿಸಿದೆ. "ಪರವಾಗಿಲ್ಲ ಕಣೋ, ನೆಗಡಿ ಆದವರು ಹಾಡಿದ ಹಾಗಿದೆ" ಅಂದರು. ನನಗಂತೂ ಅದು ರ‍್ಯಾಂಕ್ ಬಂದಷ್ಟೇ ಖುಷಿ.

ಹಾಗಾಗಿ ಆ ಕಂಪನಿಯ ಸಲಹೆ ಪೆಟ್ಟಿಗೆಗೂ ಮೂರು ಸಾಲು ಬರೆದು ಹಾಕಿದೆ. ಒಂದು, ಗಮಕ ಅಂದರೆ ಗೆರೆಯಲ್ಲ, ಹೆಸರಿರುವ ವಸ್ತು. ಹಾಗೆ ಬರೆಯಲು ಜಾಗ ಕೊಡಿ. ಎರಡು, ಸ್ಕೇಲ್ ಪಟ್ಟಿಯಲ್ಲಿ ಏರುವ ದಾರಿ, ಇಳಿಯುವ ದಾರಿ ಬೇರೆ ಬೇರೆ ಇರಬಹುದು ಅಂತ ಒಪ್ಪಿಕೊಳ್ಳಿ. ಮೂರು, ಇವೆರಡನ್ನೂ ಹೊರಗಿನವರು ಸ್ಕ್ರಿಪ್ಟ್ ಬರೆದು ತುಂಬುವ ಹಾಗೆ ತೆರೆದಿಡಿ, ಉಳಿದದ್ದು ನಾವು ನೋಡಿಕೊಳ್ತೀವಿ. ನಮ್ಮಿಂದ ಒಬ್ಬರೇ ಬರೆದರೆ ಕಸದ ಬುಟ್ಟಿಗೆ ಹೋಗುತ್ತೆ. ನೂರು ಜನ ಬರೆದರೆ ಯಾರಾದರೂ ಓದಬಹುದು. ನೀವೂ ಇಂಥ ತಂತ್ರಾಂಶ ಬಳಸುವವರಾದರೆ ನಿಮ್ಮದಕ್ಕೂ ಒಂದು ಬರೆಯಿರಿ.

ಹುಡುಗಿಯ ವಿಷಯ ಹೇಳೋದು ಮರೆತೆ. ನಾನು ಮಾಡಿದ ಫೈಲನ್ನು ಅವಳ ಫೋನಿನಿಂದ ಅಳಿಸಿಹಾಕಿದೆ. ಹೋದ ವಾರ ಮೈಸೂರಿಗೆ ಹೋಗಿ, ಅಡುಗೆಮನೆಯ ಕುಕ್ಕರ್ ಕೂಗು ನಿಲ್ಲೋವರೆಗೆ ಕಾದು, ಅತ್ತೆ ಹಾಡಿದ ವರ್ಣವನ್ನು ಎರಡೂ ಕಾಲದಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಅವರಿಗೆ ಎಪ್ಪತ್ತೊಂದು. ಎರಡನೇ ಕಾಲದಲ್ಲಿ ಒಂದು ಕಡೆ ಉಸಿರು ಸಾಲದೆ ನಿಲ್ಲಿಸಿ, "ಇದನ್ನ ಕತ್ತರಿಸಿಬಿಡೋ" ಅಂದರು. ಕತ್ತರಿಸಿಲ್ಲ. ಈಗ ಹುಡುಗಿ ಅದನ್ನೇ ಕೇಳಿಕೊಂಡು ಹಾಡ್ತಾಳೆ. ಗಾಂಧಾರ ಸ್ವಲ್ಪ ಅಲ್ಲಾಡೋಕೆ ಶುರುವಾಗಿದೆಯಂತೆ :-)